ಗೇರ್‌ಬಾಕ್ಸ್ ನಂಬರ್ ನೋಡಿ ಹಳೇ ಜೀಪಿನ ವರ್ಷ ಹೇಳಬಹುದೇ?

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಹಳೇ ಜೀಪ್ ಕೊಳ್ಳಲು ಹೋದವರಿಗೆ ಇಂಥ ಮಾತು ಕೇಳಿಸಬಹುದು: “ಗೇರ್‌ಬಾಕ್ಸ್ ನಂಬರ್ ನೋಡ್ರಿ, ಇದು 1942ರ ಮಿಲಿಟರಿ ಗಾಡಿ.” ಇದನ್ನು ನಂಬಬಹುದೇ?

ಗೇರ್‌ಬಾಕ್ಸ್ ಮೇಲೆ ಎರಡು ಬಗೆಯ ಗುರುತುಗಳಿರುತ್ತವೆ. ಉಬ್ಬಿದ ಅಕ್ಷರಗಳು ಎರಕದ ಜೊತೆಗೇ ಬಂದವು. ಅವು ಮಾದರಿಯನ್ನು ತಿಳಿಸುತ್ತವೆ. ಒಂದೇ ಮಾದರಿ ಹಲವು ವರ್ಷ ತಯಾರಾಗುವುದರಿಂದ ಅದರಿಂದಷ್ಟೇ ವರ್ಷ ಹೇಳಲಾಗದು. ಆಮೇಲೆ ಕುಟ್ಟಿದ, ತಗ್ಗಾದ ನಂಬರಿನಲ್ಲಿ ಕೆಲವು ಕಂಪನಿಗಳು ತಯಾರಿಕೆಯ ದಿನಾಂಕವನ್ನು ಸಂಕೇತವಾಗಿ ಕೊಡುತ್ತಿದ್ದವು. ಅದನ್ನು ಓದಲು ಆಯಾ ಕಂಪನಿಯ ಪಟ್ಟಿ ಬೇಕು.

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿದ್ದದ್ದು ಟಿ-84 ಗೇರ್‌ಬಾಕ್ಸ್. 1945ರಲ್ಲಿ ಶುರುವಾದ ನಾಗರಿಕ ಜೀಪುಗಳಿಗೆ ಟಿ-90 ಬಂತು. ‘ಮಿಲಿಟರಿ’ ಜೀಪಿನಲ್ಲಿ ಟಿ-90 ಕಂಡರೆ ಗಾಡಿ ಯುದ್ಧಕಾಲದ್ದಲ್ಲ, ಇಲ್ಲವೇ ಗೇರ್‌ಬಾಕ್ಸ್ ಬದಲಾಗಿದೆ. ಟಿ-84 ಇದ್ದ ಮಾತ್ರಕ್ಕೂ ಖಾತ್ರಿಯಿಲ್ಲ. ಅದನ್ನೂ ಬೇರೆ ಗಾಡಿಯಿಂದ ಬಿಚ್ಚಿ ಕೂರಿಸಿರಬಹುದು.

ಆರ್‌ಸಿಯಲ್ಲಿ ಚಾಸಿ ಮತ್ತು ಎಂಜಿನ್ ನಂಬರ್ ಇರುತ್ತವೆ, ಗೇರ್‌ಬಾಕ್ಸ್ ನಂಬರ್ ಇರುವುದಿಲ್ಲ. ದುಡ್ಡು ಕೊಡುವ ಮುನ್ನ ಆ ಎರಡನ್ನೂ ಗಾಡಿಯ ಮೇಲಿನ ನಂಬರಿಗೆ ತಾಳೆ ನೋಡಿ. ಚಾಸಿ ನಂಬರ್ ಉಜ್ಜಿದಂತೆ, ಮತ್ತೆ ಕುಟ್ಟಿದಂತೆ ಕಂಡರೆ ಆರ್‌ಟಿಒದಲ್ಲಿ ವಿಚಾರಿಸದೆ ಮುಂಗಡ ಕೊಡಬೇಡಿ.

ನಮ್ಮ ತೀರ್ಮಾನ: ಗೇರ್‌ಬಾಕ್ಸ್ ನಂಬರ್ ಗೇರ್‌ಬಾಕ್ಸಿನ ಗುರುತು ಮಾತ್ರ, ಗಾಡಿಯ ವರ್ಷಕ್ಕೆ ಅದೊಂದೇ ಪುರಾವೆಯಲ್ಲ.