ಹೊಲದ ನಡುವಿನ ಗೋಪುರ

ಯುದ್ಧ ಮುಗಿದ ಮೇಲೆ ಗೆದ್ದವರು ವಿಜಯಸ್ತಂಭ ನಿಲ್ಲಿಸುವುದು ಲೋಕರೂಢಿ. ಅರಸರೂ ಸರಕಾರಗಳೂ ಆ ಕೆಲಸವನ್ನು ಎಂದಿನಿಂದಲೂ ಮಾಡುತ್ತ ಬಂದಿದ್ದಾರೆ. ಆದರೆ ಯುದ್ಧದ ದಿನಗಳಲ್ಲಿ ಯಾರು ಯಾರ ದಾರಿ ಕಾದರು, ಯಾರು ಮರಳಿ ಬರಲಿಲ್ಲ ಎಂಬ ನೆನಪನ್ನು ಉಳಿಸುವ ಹೊಣೆ ಬಹುಮಟ್ಟಿಗೆ ಊರವರ ಪಾಲಿಗೆ ಬೀಳುತ್ತದೆ. ಇಂಗ್ಲೆಂಡಿನ ನಾರ್ಫಕ್ ಪ್ರಾಂತದ ಥಾರ್ಪ್ ಆಬಟ್ಸ್ ಎಂಬ ಸಣ್ಣ ಹಳ್ಳಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

ಇಂಗ್ಲೆಂಡಿನ ಭೂಪಟದಲ್ಲಿ ಪೂರ್ವದ ಕಡಲಿನತ್ತ ಉಬ್ಬಿಕೊಂಡಂತೆ ಕಾಣುವ ಸೀಮೆಗೆ ಈಸ್ಟ್ ಆಂಗ್ಲಿಯ ಎಂದು ಹೆಸರು. ನೆಲ ಸಮತಟ್ಟು, ಕಡಲು ದಾಟಿದರೆ ಹಾಲೆಂಡು, ಅದರಾಚೆ ಜರ್ಮನಿ. ವಿಮಾನಗಳಿಗೆ ಇದಕ್ಕಿಂತ ಅನುಕೂಲವಾದ ಜಾಗ ಬೇರೊಂದಿರಲಿಲ್ಲ. 1942ರಲ್ಲಿ ಅಮೆರಿಕದ ಎಂಟನೆಯ ವಾಯುಸೇನೆ ಇಂಗ್ಲೆಂಡಿಗೆ ಬಂದಾಗ ಈ ಸೀಮೆಯ ಹೊಲಗಳ ಮೇಲೆ ಕಾಂಕ್ರೀಟು ಹಾಸಿ, ಸಾಲುಸಾಲಾಗಿ ವಿಮಾನನೆಲೆಗಳನ್ನು ಕಟ್ಟಿದರು. ಥಾರ್ಪ್ ಆಬಟ್ಸ್‌ನ ನೆಲೆಯನ್ನು ಮೊದಲು ಬ್ರಿಟಿಷ್ ವಾಯುಸೇನೆಗೆಂದು ಯೋಜಿಸಿದ್ದರು; ಕೊನೆಗೆ ಅದು ಅಮೆರಿಕನರ ಕೈಸೇರಿತು. 1943ರ ಜೂನಿನಲ್ಲಿ ಅವರ ನೂರನೆಯ ಬಾಂಬರು ದಳ ಅಲ್ಲಿ ಬಂದಿಳಿಯಿತು. ಅದರ ವಿಮಾನಗಳು ಬಿ-17 ಎಂಬ ಜಾತಿಯವು. ‘ಹಾರುವ ಕೋಟೆ’ ಎಂದು ಅವಕ್ಕೆ ಬಿರುದು. ನಾಲ್ಕು ಎಂಜಿನು, ಒಳಗೆ ಸಾಮಾನ್ಯವಾಗಿ ಹತ್ತು ಮಂದಿ. ಅವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು.

ಆ ನೆಲೆಯ ಜೀವನಾಡಿ ನಿಯಂತ್ರಣ ಗೋಪುರ. ಮೇಲೇರುವ, ಕೆಳಗಿಳಿಯುವ ಪ್ರತಿಯೊಂದು ವಿಮಾನದ ಮೇಲೂ ಅಲ್ಲಿಂದ ಕಣ್ಣಿಡುತ್ತಿದ್ದರು. ಮುಂಜಾನೆ ಹೊರಟ ವಿಮಾನಗಳು ಹಿಂದಿರುಗುವ ಹೊತ್ತಾದಾಗ ಎಲ್ಲರ ಮುಖವೂ ಆಕಾಶದ ಕಡೆಗೆ. ಒಂದು, ಎರಡು, ಮೂರು ಎಂದು ಎಣಿಸುವುದು. ಲೆಕ್ಕ ತುಂಬದಿದ್ದರೆ ಇನ್ನೂ ಸ್ವಲ್ಪ ಹೊತ್ತು ಕಾಯುವುದು. 1943ರ ಆಗಸ್ಟ್ 17ರಂದು ರೀಗನ್ಸ್‌ಬರ್ಗ್‌ಗೆ ಹೋದವುಗಳಲ್ಲಿ ಒಂಬತ್ತು ಹಿಂದಿರುಗಲಿಲ್ಲ. ಅಕ್ಟೋಬರ್ 10ರಂದು ಮ್ಯೂನ್‌ಸ್ಟರ್ ನಗರದ ಮೇಲೆ ಹೋದವು ಹದಿಮೂರು. ಮರಳಿ ಬಂದದ್ದು ಒಂದೇ ಒಂದು. ರಾಬರ್ಟ್ ರೋಸೆಂಥಾಲ್ ನಡೆಸುತ್ತಿದ್ದ ಆ ವಿಮಾನದಲ್ಲಿ ಎರಡು ಎಂಜಿನುಗಳು ಕೆಟ್ಟುಹೋಗಿದ್ದವು. ಸುಮಾರು ನೂರಿಪ್ಪತ್ತು ಹಾಸಿಗೆಗಳು ಆ ರಾತ್ರಿ ಬರಿದಾದವು. ಮರುವರ್ಷ ಮಾರ್ಚ್ 6ರಂದು ಬರ್ಲಿನ್ ದಾಳಿಯಲ್ಲಿ ಮತ್ತೆ ಹದಿನೈದು ವಿಮಾನಗಳು ಹೋದವು. ‘ರಕ್ತಸಿಕ್ತ ನೂರನೆಯ ದಳ’ ಎಂಬ ಹೆಸರು ಅದಕ್ಕೆ ಅಂಟಿಕೊಂಡದ್ದು ಹೀಗೆ.

ಯುದ್ಧ ಮುಗಿಯಿತು, ಅಮೆರಿಕನರು ಮನೆಗೆ ಮರಳಿದರು. ನೆಲ ಮತ್ತೆ ನೇಗಿಲಿಗೆ ಬಂತು. ವಿಮಾನಗಳು ಓಡುತ್ತಿದ್ದ ಕಾಂಕ್ರೀಟನ್ನು ಬಹುಪಾಲು ಒಡೆದು ಸಾಗಿಸಿದರು. ಗೋಪುರ ಮಾತ್ರ ಪಾಳುಬಿದ್ದು ಹೊಲದ ನಡುವೆ ನಿಂತಿತ್ತು. 1977ರಲ್ಲಿ ಸುತ್ತಮುತ್ತಲಿನ ಕೆಲವರು ಸೇರಿ ಅದನ್ನು ಉಳಿಸಿಕೊಳ್ಳೋಣವೆಂದು ಕೈಹಚ್ಚಿದರು. ಜಮೀನಿನ ಒಡೆಯರ ಸಮ್ಮತಿಯೂ ದೊರೆಯಿತು. ಅದು ಸರಕಾರದ ಯೋಜನೆಯಲ್ಲ, ಸಂಬಳದ ಕೆಲಸವೂ ಅಲ್ಲ. ಬಿಡುವಿದ್ದಾಗ ಬರುವುದು, ದುರಸ್ತಿ ಮಾಡುವುದು, ಬಣ್ಣ ಬಳಿಯುವುದು. ಗೋಪುರದ ನೆತ್ತಿಯ ಮೇಲಿದ್ದ ಗಾಜಿನ ಕೋಣೆಯನ್ನು ಮತ್ತೆ ಎಬ್ಬಿಸಿದರು. ಹಳೆಯ ಸೈನಿಕರಿಂದಲೂ ಅವರ ಮನೆಯವರಿಂದಲೂ ಪತ್ರ, ಭಾವಚಿತ್ರ, ಸಮವಸ್ತ್ರಗಳು ಬಂದು ಸೇರಿದವು. 1981ರಲ್ಲಿ ಅದು ಸ್ಮಾರಕ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ನಡೆಸಿಕೊಂಡು ಬಂದವರು ಸ್ವಯಂಸೇವಕರೇ. ಸತ್ತವರು ಅವರ ಬಂಧುಗಳಲ್ಲ, ಅವರ ದೇಶದವರೂ ಅಲ್ಲ. ಎರಡು ವರ್ಷ ನೆರೆಯಲ್ಲಿ ಬಾಳಿದವರು ಎಂಬುದಷ್ಟೇ ನಂಟು.

ಇಲ್ಲಿ ಒಂದು ಕಠಿಣವಾದ ಪ್ರಶ್ನೆ ಏಳುತ್ತದೆ. ಮ್ಯೂನ್‌ಸ್ಟರ್‌ಗೆ ಹೋದ ಆ ದಿನ ಭಾನುವಾರ. ಗುರಿಯಿಟ್ಟದ್ದು ನಗರದ ನಡುಭಾಗಕ್ಕೆ. ಬಾಂಬು ಬಿದ್ದ ಬೀದಿಗಳಲ್ಲಿಯೂ ಮನೆಮಂದಿಯ ದಾರಿ ಕಾದವರಿದ್ದರು. ಇದೇ ದಳದ ವಿಮಾನಗಳು 1945ರ ಮೇ ತಿಂಗಳಲ್ಲಿ ಹಾಲೆಂಡಿನ ಹಸಿದ ಜನರಿಗೆ ಆಹಾರದ ಮೂಟೆಗಳನ್ನು ಇಳಿಸಿದವು ಎಂಬುದೂ ಸತ್ಯ. ಆದರೆ ಒಂದು ಸತ್ಯ ಇನ್ನೊಂದನ್ನು ತೊಡೆದುಹಾಕುವುದಿಲ್ಲ. ಶೌರ್ಯವನ್ನು ಮಾತ್ರ ನೆನೆದರೆ ಅದು ಯುದ್ಧದ ಸ್ತುತಿಯಾದೀತು. ಮರಳಿ ಬಾರದವರನ್ನು ನೆನೆದರೆ ಯುದ್ಧದ ಬೆಲೆ ತಿಳಿದೀತು. ಕಾಯುವುದಕ್ಕೂ ಎಣಿಸುವುದಕ್ಕೂ ಬಳಕೆಯಾದ ಕಟ್ಟಡವೇ ಸ್ಮಾರಕವಾದದ್ದರಿಂದ, ಈ ಎರಡನೆಯ ಬಗೆಯ ನೆನಪಿಗೆ ಅಲ್ಲಿ ಜಾಗವಿದೆ.

2024ರಲ್ಲಿ ಈ ದಳದ ಕಥೆ ‘ಮಾಸ್ಟರ್ಸ್ ಆಫ್ ದಿ ಏರ್’ ಎಂಬ ದೃಶ್ಯ ಸರಣಿಯಾಗಿ ಬಂದು, ಥಾರ್ಪ್ ಆಬಟ್ಸ್‌ನ ಹೆಸರು ದೂರದೂರದವರ ಕಿವಿಗೂ ಬಿತ್ತು. ಆದರೆ ಹೆಸರು ಬರುವ ಮುಂಚೆಯೇ ನಾಲ್ಕು ದಶಕಗಳ ಕಾಲ ಗೋಪುರದ ಬಾಗಿಲು ತೆರೆದು, ಕಸ ಗುಡಿಸಿ, ಬಂದವರಿಗೆ ಕಥೆ ಹೇಳಿದವರು ಅಲ್ಲಿದ್ದರು. ಯುದ್ಧವನ್ನು ಕಂಡ ಕಣ್ಣುಗಳು ಈಗ ಬಹುತೇಕ ಮುಚ್ಚಿಹೋಗಿವೆ. ಇನ್ನು ಮುಂದೆ, ಕಾಣದವರು ಕಾಣದವರಿಗೆ ಹೇಳಬೇಕಾದ ಕಾಲ. ಹಾಗೆ ಹೇಳುವಾಗ ಲೆಕ್ಕ ತಪ್ಪಬಾರದು: ಹೋದವು ಹದಿಮೂರು, ಬಂದದ್ದು ಒಂದು.