ಕಡಲಪಾಚಿಗೂ ಒಂದು ಕಾಲ

ಹಬ್ಬಕ್ಕೆಂದು ಕೊಳ್ಳೇಗಾಲದ ಅಂಗಡಿಯಿಂದ ಚೈನಾಗ್ರಾಸ್ ತಂದಿದ್ದೆ. ನೀರಿನಲ್ಲಿ ಕರಗಿಸಿ ಹಾಲಿಗೆ ಬೆರೆಸಿಟ್ಟೆ. ಹೋದ ಸಲ ಚಾಕುವಿನಿಂದ ಕತ್ತರಿಸುವಷ್ಟು ಗಟ್ಟಿಯಾಗಿತ್ತು. ಈ ಸಲ ಅದೇ ಅಳತೆ, ಆದರೂ ಅಳ್ಳಕ. ಯಳಂದೂರಿನ ಕಡೆ ರೇಷ್ಮೆಹುಳು ಸಾಕಿದ ನಮ್ಮತ್ತೆ ನಕ್ಕರು. "ಸೊಪ್ಪಿನ ಕಾಲ ಬದಲಾದರೆ ಗೂಡೂ ಬದಲಾಗುತ್ತೆ ಕಣಮ್ಮ. ಇದೂ ಯಾವುದೋ ಸೊಪ್ಪೇ ತಾನೆ?"

ಅತ್ತೆಯ ಮಾತು ನಿಜ. ಚೈನಾಗ್ರಾಸ್ ಎಂಬುದು ಹುಲ್ಲಲ್ಲ. ಕೆಂಪು ಕಡಲಪಾಚಿಯಿಂದ ತೆಗೆಯುವ ಅಗರ್. ಪಾಚಿಯ ಜಾತಿ, ವಯಸ್ಸು, ಕಿತ್ತ ತಿಂಗಳು ಬದಲಾದಂತೆ ಅದರ ಬಿಗಿಯೂ ಬದಲಾಗುತ್ತದೆ. ಜೆಲಿಡಿಯೆಲ್ಲಾ ಎಂಬ ಪಾಚಿಯದು ಗಟ್ಟಿ ಅಗರ್. ಗ್ರಾಸಿಲೇರಿಯಾದ್ದು ಸಾಮಾನ್ಯವಾಗಿ ಮೆದು, ಅದನ್ನು ಕ್ಷಾರದಲ್ಲಿ ಬೇಯಿಸಿ ಬಿಗಿ ಬರಿಸುತ್ತಾರೆ.

ಅಗರ್ ಅಡುಗೆಮನೆಯಿಂದ ಪ್ರಯೋಗಶಾಲೆಗೆ ಹೋದದ್ದೂ ಒಬ್ಬ ಹೆಣ್ಣುಮಗಳಿಂದ. 1881ರಲ್ಲಿ ಜರ್ಮನಿಯ ವೈದ್ಯ ವಾಲ್ಟರ್ ಹೆಸ್ಸೆ ರೋಗಾಣು ಬೆಳೆಸಲು ಬಳಸುತ್ತಿದ್ದ ಜೆಲಾಟಿನ್ ಬೇಸಿಗೆಯಲ್ಲಿ ಕರಗಿಹೋಗುತ್ತಿತ್ತು. ಹೆಂಡತಿ ಫ್ಯಾನಿ, ತಾನು ಜೆಲ್ಲಿಗೆ ಬಳಸುವ ಅಗರ್ ಹಾಕಿ ನೋಡಿ ಎಂದಳು. ಮರುವರ್ಷ ರಾಬರ್ಟ್ ಕಾಕ್ ಕ್ಷಯದ ರೋಗಾಣುವಿನ ಬಗ್ಗೆ ಬರೆದಾಗ ಅಗರ್‌ನ ಮಾತು ಬಂತು, ಫ್ಯಾನಿಯ ಹೆಸರು ಬರಲಿಲ್ಲ.

ನಮ್ಮ ದೇಶದಲ್ಲಿ ಈ ಪಾಚಿ ಹೆಚ್ಚಾಗಿ ಸಿಗುವುದು ರಾಮೇಶ್ವರದ ಬಳಿಯ ಮನ್ನಾರ್ ಕೊಲ್ಲಿಯಲ್ಲಿ. 1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಲ್ಲ, ಆಗ ಆ ಕಡಲೂ ನಾವೂ ಒಂದೇ ಮದ್ರಾಸಿನವರು. ಅಲ್ಲಿ ಹೆಂಗಸರು ಮುಳುಗಿ, ಹವಳದ ಬಂಡೆಗಳಿಂದ ಕೈಯಲ್ಲೇ ಪಾಚಿ ಕೀಳುತ್ತಾರೆ. 1986ರಲ್ಲಿ ಅಲ್ಲಿನ 21 ದ್ವೀಪಗಳು ರಾಷ್ಟ್ರೀಯ ಉದ್ಯಾನವಾದವು. ಅವುಗಳ ಸುತ್ತ ಪಾಚಿ ಕೀಳುವುದೇ ತಪ್ಪಾಯಿತು. ಹೊಟ್ಟೆಪಾಡು ಮಾತ್ರ ನಿಲ್ಲಲಿಲ್ಲ.

ಮೆಚ್ಚಬೇಕಾದ್ದು ಮುಂದಿನದು. ಪಾಚಿ ಮತ್ತೆ ಚಿಗುರಲೆಂದು ಆ ಹೆಂಗಸರೇ ತಿಂಗಳಿಗೆ ಹನ್ನೆರಡು ದಿನ ಮಾತ್ರ ಕೀಳುವುದೆಂದು ಕಟ್ಟು ಹಾಕಿಕೊಂಡರು. ಮೀನುಗಾರಿಕೆ ನಿಷೇಧದ ಕಾಲದಲ್ಲೂ 45 ದಿನ ಬಿಡುವು ಕೊಟ್ಟರು. ಆ ದಿನಗಳ ಕೂಲಿಯನ್ನು ಯಾರು ಕೊಡಬೇಕು? 2015ರಲ್ಲಿ ಚಿನ್ನಪಾಲಂನ ಲಕ್ಷ್ಮಿ ಮೂರ್ತಿ ಅವರಿಗೆ ಅಮೆರಿಕದ ಸೀಕಾಲಜಿ ಪ್ರಶಸ್ತಿ ಬಂತು. ಒಬ್ಬಳ ಹೆಸರಾದರೂ ದಾಖಲಾಯಿತು.

ಅತ್ತೆಗೆ ಇದನ್ನೆಲ್ಲ ಹೇಳಿದೆ. "ಗಿಡ ಬೋಳಿಸಿದರೆ ಮುಂದಿನ ಹುಳುವಿಗೆ ಏನಿಡೋದು?" ಎಂದರು. ಅಳ್ಳಕವಾದ ಸಿಹಿಯನ್ನು ಆ ದಿನ ಚಮಚದಲ್ಲೇ ತಿಂದೆವು.