ಎಲೆ ಎಳೆಯದು, ಅಡಿಕೆ ಹಳೆಯದು

ಸವದತ್ತಿ ತಾಲ್ಲೂಕಿನ ಮನೋಳಿ, ಅಂದರೆ ಈಗಿನ ಮುನವಳ್ಳಿ, ಮಲಪ್ರಭೆಯ ದಂಡೆಯ ಊರು. ಜೋಳ, ಹತ್ತಿ ಬೆಳೆಯುವ ಈ ಎರೆ ಸೀಮೆ ಅಡಿಕೆಯ ನಾಡಲ್ಲ. ಆದರೂ ಇಲ್ಲಿ ನಿಶ್ಚಯವಿರಲಿ, ಮದುವೆಯಿರಲಿ, ಎಲೆ-ಅಡಿಕೆ ಇಲ್ಲದೆ ನಡೆಯದು. ತಾಂಬೂಲದ ಈ ಎರಡು ವಸ್ತುಗಳ ವ್ಯಾಪಾರ ಮಾತ್ರ ಒಂದಕ್ಕೊಂದು ತದ್ವಿರುದ್ಧ. ಎಲೆ ಬಾಡಿದಂತೆ ಬೆಲೆ ಇಳಿಯುತ್ತದೆ. ಕರಾವಳಿಯ ಚಾಲಿ ಅಡಿಕೆ ಹಳೆಯದಾದಂತೆ ಬೆಲೆ ಏರುತ್ತದೆ.

ಹಣ್ಣಡಿಕೆಯನ್ನು ಅಂಗಳದಲ್ಲಿ ಸುಮಾರು 40-45 ದಿನ ಬಿಸಿಲಿಗೆ ಒಣಗಿಸಿ ಸುಲಿದರೆ ಚಾಲಿ. ಮಂಗಳೂರು, ಪುತ್ತೂರಿನ ಪೇಟೆಗಳಲ್ಲಿ ಅದಕ್ಕೆ ವಯಸ್ಸಿಗೆ ತಕ್ಕ ಹೆಸರಿದೆ. ಆ ವರ್ಷದ್ದು 'ಹೊಸತು', ಹಿಂದಿನ ವರ್ಷದ್ದು 'ಸಿಂಗಲ್ ಚೋಲ್', ಅದಕ್ಕೂ ಹಳೆಯದು 'ಡಬಲ್ ಚೋಲ್'. ಸಾಮಾನ್ಯವಾಗಿ ದರ ಇದೇ ಕ್ರಮದಲ್ಲಿ ಮೆಟ್ಟಿಲೇರುತ್ತದೆ.

ಇದಕ್ಕೆ ಮೊದಲ ಕಾರಣ ತೂಕ. ಇಟ್ಟಷ್ಟೂ ತೇವ ಆರಿ ಅಡಿಕೆ ಹಗುರಾಗುತ್ತದೆ. ಕಿಲೋಗೆ 400 ರೂಪಾಯಿ ಬಾಳುವ ನೂರು ಕಿಲೋ ಅಡಿಕೆ 95 ಕಿಲೋಗೆ ಇಳಿಯಿತೆನ್ನಿ. ಆಗ ಅಸಲು ಗಿಟ್ಟಲೇ 421 ರೂಪಾಯಿ ಬೇಕು. ಅದರ ಮೇಲೆ ಬಡ್ಡಿ, ಗೋದಾಮಿನ ಖರ್ಚು, ಹುಳು-ಬೂಸ್ಟಿನ ನಷ್ಟ. ಇನ್ನೊಂದು ಕಾರಣ ಕೊರತೆ. ಬಹುಪಾಲು ಅಡಿಕೆ ಮೊದಲ ವರ್ಷವೇ ಮಾರಾಟವಾಗುವುದರಿಂದ ಹಳತು ಉಳಿಯುವುದೇ ಕಡಿಮೆ.

ಪೋರ್ಚುಗಲ್ಲಿನ 'ವಿಂಟೇಜ್ ಪೋರ್ಟ್' ಮದ್ಯದ ಲೆಕ್ಕವೂ ಇದೇ. ಒಳ್ಳೆಯ ವರ್ಷವೊಂದರ ದ್ರಾಕ್ಷಿಯ ಮದ್ಯ ಬಾಟಲಿಯಲ್ಲಿ ದಶಕಗಟ್ಟಲೆ ಪಕ್ವವಾಗುತ್ತದೆ. ಒಂದೊಂದು ಬಾಟಲಿ ತೆರೆದಾಗಲೂ ಉಳಿದವುಗಳ ಬೆಲೆ ಹೆಚ್ಚುತ್ತದೆ. ವರ್ಷ ಒಂದೇ ಆದರೂ ತಯಾರಕರಿಂದ ತಯಾರಕರಿಗೆ ದರ ಬೇರೆ.

ಅಡಿಕೆಯಲ್ಲೂ ಅಷ್ಟೇ. ಸಮವಾಗಿ ಒಣಗಿದ, ಬಿಳುಪು ಕೆಡದ ಚಾಲಿಗೆ ಒಂದು ದರ. ಅದೇ ವಯಸ್ಸಿನ ಪಟೋರ, ಕರಿಗೋಟಿಗೆ ಬಹಳ ಕಡಿಮೆ. ಮಲೆನಾಡಿನಲ್ಲಿ ಎಳೆಯ ಕಾಯಿಯನ್ನೇ ಸುಲಿದು, ಚೊಗರಿನಲ್ಲಿ ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ಅಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ತರಗತಿಗಳಿವೆ. ಎಲ್ಲಕ್ಕಿಂತ ಎಳೆಯ ಕಾಯಿಯ, ನಾಜೂಕು ಕೈಕೆಲಸದ ಸರಕಿಗೆ ಅತಿ ಹೆಚ್ಚು ಬೆಲೆ.

ಹಾಗಾದರೆ ಎಲ್ಲರೂ ಹಳತು ಮಾಡಿಯೇ ಏಕೆ ಮಾರಬಾರದು? ಕಾಯುವುದಕ್ಕೆ ಶಕ್ತಿ ಬೇಕು. ಎರಡು ಎಕರೆ ತೋಟದವನಿಗೆ ಕೂಲಿ, ಗೊಬ್ಬರ, ಮಕ್ಕಳ ಶಾಲೆ ಕಾಯುವುದಿಲ್ಲ. ಅವನು ಹೊಸತನ್ನೇ ಮಾರುತ್ತಾನೆ. ಹಳತಿನ ಲಾಭ ಗೋದಾಮು, ಬಂಡವಾಳ ಇದ್ದವರ ಪಾಲಾಗುತ್ತದೆ.

ಸಹಕಾರಿ ಸಂಘಗಳು ಹುಟ್ಟಿದ್ದು ಬೆಳೆಗಾರನ ಈ ಅಸಹಾಯಕತೆಯಿಂದಲೇ. 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ, 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಆರಂಭವಾದವು. 1970ರ ದಶಕದ ಆರಂಭದಲ್ಲಿ ದರ ಕುಸಿದಾಗ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ, ಕೇರಳದ ಬೆಳೆಗಾರರು ಒಂದುಗೂಡಿದರು. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಯಿತು. ಅಡಿಕೆಯ ಆಧಾರದ ಮೇಲೆ ಸಾಲ ಸಿಕ್ಕರೆ, ಕೊಳ್ಳಲು ತಮ್ಮದೇ ಸಂಸ್ಥೆ ಇದ್ದರೆ, ಸಣ್ಣವನೂ ನಾಲ್ಕು ತಿಂಗಳು ಕಾಯಬಲ್ಲ.

ಕಾದವರೆಲ್ಲ ಗೆದ್ದರೆಂದಲ್ಲ. ಆಮದು ಹೆಚ್ಚಿದರೆ ದರ ಬೀಳುತ್ತದೆ. 2004ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವರದಿ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದ ಮೇಲೆ ನಾಳಿನ ಬೇಡಿಕೆಯ ಆತಂಕವೂ ಸೇರಿದೆ. ಹಳತಿಗೆ ಕೊಡುವ ಹೆಚ್ಚಿನ ಹಣ ಬರೀ ವಯಸ್ಸಿನ ಬೆಲೆಯಲ್ಲ. ಅಷ್ಟು ದಿನ ಆ ಆತಂಕವನ್ನು ಮನೆಯಲ್ಲಿಟ್ಟುಕೊಂಡವನ ಕೂಲಿಯೂ ಹೌದು.